ಲಾಳಿಗೆ ಒಳ್ಳೆಯ ಊಟ

ಮಾವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಹೊರಟ ದಿನ ಲಾಳಿಯನ್ನು ನನಗೆ ಒಪ್ಪಿಸಿ ಹೋದರು.

ಲಾಳಿ ನಮ್ಮ ಮನೆಯ ನಾಯಿ. ಕಂದು ಬಣ್ಣ, ಎಡಗಿವಿಯಲ್ಲಿ ಒಂದು ಕಚ್ಚು, ವಯಸ್ಸು ಎಂಟು. ಮಗ್ಗದ ಮನೆಯ ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ ದಿನವೆಲ್ಲ ಓಡಾಡುತ್ತಿತ್ತು. ನೇಯುವಾಗ ಅತ್ತಿಂದಿತ್ತ ಓಡುವ ಲಾಳಿಯ ಹೆಸರನ್ನು ಅದಕ್ಕಾಗಿಯೇ ಇಟ್ಟಿರಬೇಕು ಎಂದು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ನಾನೇ ಊಹಿಸಿಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ದಸರೆಗೆ ಮುಂಚೆ ಅದರ ರೋಮ ಮಂಕಾಗಿ, ಪಕ್ಕೆಲುಬು ಕಾಣತೊಡಗಿತ್ತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ, ರೋಗವೇನಿಲ್ಲ, ವಯಸ್ಸಾಗುತ್ತಿದೆ, ಇನ್ನು ಬರೀ ರಾಗಿಮುದ್ದೆಯಲ್ಲಿ ನಡೆಯುವುದಿಲ್ಲ, ಒಳ್ಳೆಯ ಆಹಾರ ನೋಡಿ ಹಾಕಿ ಎಂದಿದ್ದರು. ಮಾವ ವೆಂಕಟರಮಣಪ್ಪನವರಿಗೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಚೀಲ ಹಿಡಿದು ಹೊಸಲು ದಾಟುವಾಗ ನನ್ನ ಕಡೆ ತಿರುಗಿದರು.

"ಬಿಂದು, ನೀನು ಓದಿದೋಳು. ಡಬ್ಬದ ಮೇಲೆ ಬರ್ದಿರೋದು ನಿಂಗೆ ಅರ್ಥ ಆಗ್ತದೆ. ಇದಕ್ಕೆ ಯಾವ್ದು ಒಳ್ಳೇದೋ ನೀನೇ ನೋಡಿ ಹಾಕಮ್ಮ."

ಆಗಲಿ ಮಾವ ಎಂದೆ. ಅಷ್ಟು ಸುಲಭವಾಗಿ ಹೇಳಬಾರದಿತ್ತು ಎಂದು ಅವರ ಬಸ್ಸು ಹೋಗುವ ಮೊದಲೇ ಅನ್ನಿಸಿತು. ನನ್ನ ಸ್ವಭಾವ ಹಾಗೆ. ಒಂದು ಪೊಟ್ಟಣ ಬ್ರೆಡ್ಡು ಕೊಂಡರೂ ಅದರ ಮೇಲಿನ ತಾರೀಖನ್ನು ಎರಡು ಸಲ ಓದುತ್ತೇನೆ. ಹೊಸಕೋಟೆಯಲ್ಲಿ ಬಿ.ಎಸ್ಸಿ. ಮುಗಿಸಿದವಳು ಎಂಬ ಹೆಸರು ಈ ಮನೆಯಲ್ಲಿ ನನಗೆ ಮರ್ಯಾದೆಯನ್ನೂ ತಂದಿತ್ತು, ತಪ್ಪಿದರೆ ಎಲ್ಲರೂ ನೋಡುತ್ತಾರೆ ಎಂಬ ಅಳುಕನ್ನೂ ತಂದಿತ್ತು.

ಮಾವ ಒಂದು ವಾರ ಕಣ್ಣಾಸ್ಪತ್ರೆಯಲ್ಲಿ, ಆಮೇಲೆ ಮೂರು ವಾರ ಬೆಂಗಳೂರಿನಲ್ಲೇ ಇರುವ ನಾದಿನಿ ಪದ್ಮಶ್ರೀ ಮನೆಯಲ್ಲಿ ಇರುವುದೆಂದು ನಿಶ್ಚಯವಾಗಿತ್ತು. ನಮ್ಮ ಮನೆಯ ಮುಂದಿನ ಹಜಾರದಲ್ಲಿ ಕರೆಂಟಿನಲ್ಲಿ ಓಡುವ ನಾಲ್ಕು ಮಗ್ಗಗಳಿವೆ. ರೇಷ್ಮೆಯ ದೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಹೊಲಿಗೆ ಹಾಕಿದ ಕಣ್ಣಿಗೆ ಅದು ಆಗದು. ಅಳಬಾರದು, ಬಗ್ಗಬಾರದು, ಜೋರಾಗಿ ಕೆಮ್ಮಬಾರದು ಎಂದೂ ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು.

ಅವರು ಹೋದ ದಿನವೇ ಊರಿಗೆ ಒಂದು ಒಳ್ಳೆಯ ಸುದ್ದಿ ಬಂತು. ಆ ವರ್ಷ ಮಳೆ ಚೆನ್ನಾಗಿ ಆಗಿ ಕರೆಂಟಿನ ಕಡಿತ ನಿಂತಿತು. ಅಲ್ಲಿಯವರೆಗೆ ದಿನಕ್ಕೆ ಎರಡು ಸಲ ತಪ್ಪದೆ ಹೋಗುತ್ತಿತ್ತು. ಮಗ್ಗ ನಿಂತಾಗಲೇ ನಮ್ಮಲ್ಲಿ ಊಟ, ಸ್ನಾನ, ಮಾತು ಎಲ್ಲ. ಕರೆಂಟು ಇದ್ದಾಗ ತಟ್ಟೆಯ ಮುಂದೆ ಕೂರುವುದು ನೇಕಾರರ ಮನೆಯಲ್ಲಿ ಸೋಮಾರಿತನ. ಈಗ ಕರೆಂಟು ಹೋಗುವುದೇ ಇಲ್ಲ, ಮೇಲಿಂದ ಕಾರ್ತಿಕದ ಮದುವೆಗಳ ಸೀರೆಗೆ ಬೇಡಿಕೆ. ನನ್ನ ಗಂಡ ರಾಜೇಂದ್ರ ಮತ್ತು ನಮ್ಮಲ್ಲಿ ಹತ್ತು ವರ್ಷದಿಂದ ನೇಯುವ ಪಿಳ್ಳಣ್ಣ ಬೆಳಿಗ್ಗೆ ಆರಕ್ಕೆ ಮಗ್ಗ ಶುರು ಮಾಡಿದರೆ ರಾತ್ರಿ ಒಂಬತ್ತೂವರೆಗೆ ನಿಲ್ಲಿಸುತ್ತಿದ್ದರು. ಒಬ್ಬರು ಉಣ್ಣುವಾಗ ಇನ್ನೊಬ್ಬರು ನಾಲ್ಕೂ ಮಗ್ಗ ನೋಡಿಕೊಳ್ಳುವುದು. ಎಲ್ಲರ ಮುಖದಲ್ಲೂ ಗೆಲುವಿತ್ತು.

ನಾನು ಲಾಳಿಯ ಕೆಲಸವನ್ನು ಕ್ರಮವಾಗಿ ಶುರು ಮಾಡಿದೆ. ಡಾಕ್ಟರನ್ನು ಮತ್ತೆ ಕಂಡು ಕೇಳಿದೆ. ಮೊಟ್ಟೆ ಕೊಡಿ, ಈರುಳ್ಳಿ ಬೇಡ, ದಿನಕ್ಕೆ ಎರಡೇ ಹೊತ್ತು, ಹೊತ್ತು ತಪ್ಪಬಾರದು, ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿಡಿ, ಬೀದಿಯಲ್ಲಿ ಕಂಡದ್ದು ತಿನ್ನದಂತೆ ಕಟ್ಟಿಹಾಕಿ ಎಂದರು. ಒಳ್ಳೆಯ ಆಹಾರ ಎಂದರೆ ಯಾವುದು ಎಂದು ನಾನು ಕೊನೆಗೂ ಬಿಡದೆ ಕೇಳಿದಾಗ ನಕ್ಕರು.

"ಅದು ಚೀಲದ ಮೇಲೆ ಓದಿದ್ರೆ ಗೊತ್ತಾಗಲ್ಲಮ್ಮ. ಮೂರು ವಾರ ಹಾಕಿ, ಆಮೇಲೆ ನಾಯಿ ಮೈ ಮೇಲೆ ಓದಿ."

ಅಲ್ಲಿಗೆ ಮುಟ್ಟುವ ಮೊದಲೇ ಕಷ್ಟ ಶುರುವಾಯಿತು. ಲಾಳಿ ತಿನ್ನಲೇ ಇಲ್ಲ.

ನಮ್ಮದು ಜನಿವಾರ ಹಾಕುವವರ ಮನೆ, ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲ. ಅತ್ತೆ ಗಂಗಲಕ್ಷ್ಮಮ್ಮನವರು, ಹಿತ್ತಲಲ್ಲಿ ಬೇಯಿಸಿಕೋ, ಆ ಪಾತ್ರೆ ಒಳಗೆ ಬರಬಾರದು ಎಂದರು. ಲಾಳಿಯನ್ನು ಹಿತ್ತಲಲ್ಲೇ ಉದ್ದ ಹಗ್ಗಕ್ಕೆ ಕಟ್ಟಿ, ಮೂರು ಕಲ್ಲು ಹೂಡಿ, ಹಳೆಯ ಡಾಲ್ಡಾ ಡಬ್ಬದಲ್ಲಿ ಬೇಯಿಸಿ, ಅನ್ನಕ್ಕೆ ಕಲಸಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಇಟ್ಟೆ. ಲಾಳಿ ಹತ್ತಿರ ಬಂತು, ಮೂಸಿತು, ಮಗ್ಗದ ಬಾಗಿಲಿನ ಕಡೆ ನೋಡಿತು, ಹಿಂದೆ ಸರಿದು ಮಲಗಿತು. ಅರ್ಧ ಗಂಟೆಗೆ ಎತ್ತಿಟ್ಟೆ. ಸಂಜೆ ಐದಕ್ಕೆ ಮತ್ತೆ ಇಟ್ಟೆ. ಅದೇ ಆಯಿತು.

ಮಾರನೆಯ ದಿನ ಹಾಲು ಬ್ರೆಡ್ಡು. ಅದರ ಮಾರನೆಯ ದಿನ ಬೇಳೆ ಅನ್ನ. ಸ್ಟೀಲ್ ತಟ್ಟೆಯ ಹೊಳಪಿಗೆ ಹೆದರುತ್ತಿರಬಹುದೆಂದು ಮಾವ ಹಾಕುತ್ತಿದ್ದ ಕಲ್ಲಿನ ಬಾನಿಯನ್ನೇ ತೊಳೆದು ಅದರಲ್ಲಿ ಹಾಕಿದೆ. ಪಕ್ಕದಲ್ಲಿ ಮಾವನ ಹಳೆಯ ಟವಲು ಹಾಸಿದೆ. ಲಾಳಿ ಟವಲಿನ ಮೇಲೆ ಮಲಗಿತು, ಬಾನಿ ಮುಟ್ಟಲಿಲ್ಲ. ನಾಲ್ಕನೆಯ ದಿನ ರಾಜೇಂದ್ರ ನೂಲಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಗ ಅವರಿಂದ ನಾಯಿಗೆಂದೇ ಮಾಡಿದ ಒಣ ಆಹಾರದ ಪೊಟ್ಟಣ ತರಿಸಿದೆ. ಆಗ ಅದು ದೊಡ್ಡಬಳ್ಳಾಪುರದ ಅಂಗಡಿಗಳಿಗೆ ಇನ್ನೂ ಬಂದಿರಲಿಲ್ಲ. ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ಸುಣ್ಣದ ಅಂಶ ಎಷ್ಟು, ಎಲ್ಲವನ್ನೂ ಓದಿದೆ. ಓದಿದಷ್ಟೂ ಧೈರ್ಯ ಬಂತು. ಬಾನಿಗೆ ಸುರಿದಾಗ ಪಿಳ್ಳಣ್ಣ ಮಗ್ಗದಿಂದ ಕುತ್ತಿಗೆ ಚಾಚಿ ನೋಡಿದ. ಆ ಸದ್ದಿನಲ್ಲಿ ಏನು ಹೇಳಿದರೂ ಕಿವಿಯ ಹತ್ತಿರ ಬಂದು ಕೂಗಬೇಕು. ಬಂದು ಕೂಗಿಯೇ ಹೋದ.

"ಬಿಸ್ಕತ್ತಾ ಬಿಂದಮ್ಮ? ಅದು ತಿನ್ನದಿದ್ರೆ ಒಂದು ಹಿಡಿ ಈ ಕಡೆ ಇಟ್ಟಿರು. ಕಾಫೀಲಿ ಅದ್ಕೊಂಡ್ ತಿಂತೀನಿ. ನನ್ ಕೂದ್ಲೂ ಮಂಕಾಗದೆ."

ನನಗೆ ನಗು ಬರಲಿಲ್ಲ. ಲಾಳಿ ಒಂದು ಕಾಳನ್ನು ಬಾಯಿಗೆ ತೆಗೆದುಕೊಂಡು, ಮಗ್ಗದ ಕಡೆ ನೋಡಿ, ಹಾಗೆಯೇ ಕೆಳಗಿಟ್ಟಿತು.

ಐದನೆಯ ದಿನ ನಿದ್ದೆ ಬರದೆ ಐದೂವರೆಗೇ ಎದ್ದು ಒಂದು ಬಟ್ಟಲು ಹಾಲಿಟ್ಟೆ. ಅದನ್ನು ಲಾಳಿ ಕೊನೆಯ ಹನಿಯವರೆಗೂ ನೆಕ್ಕಿತು. ನನ್ನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಹಾಗಾದರೆ ಹಾಲೇ ಇದಕ್ಕೆ ಹಿಡಿಸುವುದು ಎಂದುಕೊಂಡು ಎಂಟು ಗಂಟೆಗೆ ಇನ್ನೊಂದು ಬಟ್ಟಲು ಹಾಲಿಟ್ಟೆ. ಮುಟ್ಟಲಿಲ್ಲ. ಅದೇ ಹಾಲು, ಅದೇ ಬಟ್ಟಲು. ಬೆಳಿಗ್ಗೆ ಕುಡಿದದ್ದು ಹೊಟ್ಟೆಗೆ ಒಗ್ಗಲಿಲ್ಲವೇನೋ ಎಂಬ ಹೊಸ ಭಯ ಹತ್ತಿಕೊಂಡಿತು.

ಡಾಕ್ಟರು ಬಂದು ಬಾಯಿ, ಹಲ್ಲು, ಹೊಟ್ಟೆ ನೋಡಿದರು. ಜ್ವರವಿಲ್ಲ, ಏನೂ ಇಲ್ಲ. ಯಜಮಾನರನ್ನು ನೆನೆಸಿಕೊಂಡು ಕೊರಗುತ್ತಿದೆಯೇನೋ, ಕೆಲವು ನಾಯಿಗಳು ಹಾಗೇ ಎಂದರು. ಅದಕ್ಕೆ ಔಷಧಿ ಇಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮನೆಯಲ್ಲಿ ಎಲ್ಲರೂ ಅದನ್ನೇ ನಂಬಿದರು. ಮಾವನಿಗೆ ಮಾತ್ರ ಹೇಳಬಾರದು, ಅತ್ತರೆ ಕಣ್ಣು ಕೆಡುತ್ತದೆ ಎಂದು ಅತ್ತೆ ಕಟ್ಟುನಿಟ್ಟಾಗಿ ಹೇಳಿದರು. ಮಾವ ಬರಲು ಇನ್ನೂ ಮೂರು ವಾರವಿತ್ತು. ನಾನು ಲಾಳಿಯ ಪಕ್ಕದಲ್ಲಿ ಕೂತು ಪಕ್ಕೆಲುಬಿನ ಮೇಲೆ ಬೆರಳಾಡಿಸಿದೆ. ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಬಹುದಿತ್ತು. ಮೂರು ವಾರ ಅದು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಏಳನೆಯ ದಿನ ಬೆಳಿಗ್ಗೆ ಬೆಂಗಳೂರಿನ ಬಸ್ಸು ಹತ್ತಿದೆ. ಇನ್ನೊಂದು ಕಂಪನಿಯ ಆಹಾರ ಸಿಗುತ್ತದಂತೆ, ತರುತ್ತೇನೆ, ಹಾಗೇ ಮಾವನನ್ನೂ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಹೊರಟೆ. ಹಿಂದಿನ ದಿನವಷ್ಟೇ ಅವರನ್ನು ಆಸ್ಪತ್ರೆಯಿಂದ ಪದ್ಮಶ್ರೀ ಮನೆಗೆ ಕಳಿಸಿದ್ದರು. ಬಸ್ಸಿನಲ್ಲಿ ಕೂತು ಏನೇನು ಹೇಳಬೇಕು, ಯಾವ ಮಾತು ಬಿಡಬೇಕು ಎಂದು ಪರೀಕ್ಷೆಗೆ ಹೋಗುವವಳಂತೆ ಬಾಯಿಪಾಠ ಮಾಡಿಕೊಂಡೆ.

ಮಾವ ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಎರಡೂ ಕಣ್ಣಿಗೆ ಪಟ್ಟಿ. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ಅತ್ತೆಯ ಮಂಡಿನೋವು, ಸೀರೆಗಳ ಕೆಲಸ ಎಲ್ಲ ವಿಚಾರಿಸಿದರು. ಆಮೇಲೆ ಲಾಳಿ ಉಣ್ಣುತ್ತಿದೆಯಾ ಎಂದರು.

ಡಾಕ್ಟರು ಹೇಳಿದಂತೆ ಬೇರೆಬೇರೆ ಆಹಾರ ನೋಡುತ್ತಿದ್ದೇನೆ, ಮೊಟ್ಟೆ, ಹಾಲು, ಪೊಟ್ಟಣದ್ದು, ಎಲ್ಲ ಒಳ್ಳೆಯವೇ ಎಂದೆ. ಒಂದೂ ಸುಳ್ಳಾಗಿರಲಿಲ್ಲ.

"ನಾನು ಕೇಳಿದ್ದು ಏನ್ ಹಾಕ್ತಿದೀಯ ಅಂತಲ್ಲ. ಉಣ್ತದಾ ಅಂದೆ," ಎಂದರು ಮಾವ. "ನಂಗೆ ಕಟ್ಟಿರೋದು ಕಣ್ಣು ಕಣಮ್ಮ. ಕಿವಿ ಕೇಳಿಸ್ತದೆ."

ನಾನು ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೆ ಮುಗಿಯಿತು. ಆರು ದಿನದಿಂದ ತಿಂದಿಲ್ಲ ಮಾವ, ನಿಮ್ಮನ್ನು ನೆನೆಸಿಕೊಂಡು ಕೊರಗುತ್ತಿದೆಯಂತೆ, ನೀವು ಮಾತ್ರ ಅಳಬೇಡಿ, ದಮ್ಮಯ್ಯ ಎಂದು ಒಂದೇ ಉಸಿರಿಗೆ ಹೇಳಿದೆ. ಅಳುತ್ತಿದ್ದವಳು ನಾನೇ.

ಮಾವ ಅಳಲಿಲ್ಲ. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು.

"ಕರೆಂಟು ಹೆಂಗದೆ ಊರಲ್ಲಿ?"

ಈ ಹೊತ್ತಿನಲ್ಲೂ ಇವರಿಗೆ ಮಗ್ಗದ ಯೋಚನೆಯೇ ಎಂದು ನನಗೆ ಬೇಸರವಾಯಿತು. ತುಂಬಾ ಚೆನ್ನಾಗಿದೆ, ನೀವು ಬಂದಾಗಿನಿಂದ ಒಂದು ಸಲವೂ ಹೋಗಿಲ್ಲ, ಆರಕ್ಕೆ ಹಾಕಿದರೆ ಒಂಬತ್ತೂವರೆಯವರೆಗೆ ಮಗ್ಗ ನಿಲ್ಲುವುದೇ ಇಲ್ಲ ಎಂದೆ.

ಮಾವನ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು. ನಗು ಜೋರಾದರೆ ಹೊಲಿಗೆಗೆ ತೊಂದರೆಯೆಂದು ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದುಕೊಂಡು ತಡೆದರು.

"ಇನ್ನೆಲ್ಲಿ ಉಣ್ತದಮ್ಮ ಅದು? ಮರಿ ಇದ್ದಾಗ ಮಗ್ಗದ ಬಾಗ್ಲಲ್ಲೇ ಅದಕ್ಕೆ ತಟ್ಟೆ ಇಡ್ತಿದ್ದೆ. ಒಂದಿನ ಉಣ್ತಾ ಇದ್ದಂಗೇ ಎರಡನೇ ಮಗ್ಗದ ಲಾಳಿ ಹಾರ್ಬಿಡ್ತು. ಇದರ ಕಿವಿ ಹರ್ಕೊಂಡು ಹೋಗಿ ಆ ಲಾಳಿ ತಟ್ಟೆಗೇ ಬಿತ್ತು. ಅದಕ್ಕೇ ಕಣಮ್ಮ ಲಾಳಿ ಅಂತ ಹೆಸ್ರು ಬಂದಿದ್ದು. ಅವತ್ತಿಂದ ಮಗ್ಗ ಓಡೋವಾಗ ಅದು ತಲೆ ಬಗ್ಸಲ್ಲ. ಹಬ್ಬದೂಟ ಹಾಕು, ಬಗ್ಸಲ್ಲ. ನಾನು ಅದಕ್ಕೆ ಯಾವತ್ತೂ ಏನೂ ಆರಿಸಿ ಹಾಕ್ಲಿಲ್ಲ. ಕರೆಂಟು ಹೋಗ್ತಿತ್ತು, ನಾನೂ ಉಣ್ತಿದ್ದೆ, ಅದೂ ಉಣ್ತಿತ್ತು."

ಇದನ್ನು ಹೋಗುವಾಗ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ನನ್ನ ದನಿ ಸೊಸೆಗೆ ತಕ್ಕುದಕ್ಕಿಂತ ಸ್ವಲ್ಪ ಏರಿತ್ತು.

"ಹೇಳೋಕೇನಿತ್ತಮ್ಮ?" ಎಂದರು ಮಾವ, ತಪ್ಪು ತಮ್ಮದಲ್ಲವೇ ಅಲ್ಲ ಎಂಬಂತೆ. "ಕರೆಂಟು ದಿನಾ ಹೋಗ್ತಿತ್ತಲ್ಲ."

ಊಟ ಮಾಡಿಕೊಂಡು ಹೋಗು ಎಂದು ಪದ್ಮಶ್ರೀ ಹಿಂದೆಯೇ ಬಂದಳು. ನಾನು ಆಗಲೇ ಗೇಟಿನ ಹೊರಗಿದ್ದೆ. ಹೊಸ ಕಂಪನಿಯ ಪೊಟ್ಟಣ ಮರೆತೇಹೋಯಿತು. ಬಸ್ಸು ಯಲಹಂಕ ದಾಟುವವರೆಗೆ ಮನಸ್ಸು ಹಗುರವಾಗಿತ್ತು, ಆಮೇಲೆ ಹಳೆಯ ಚಾಳಿ ಶುರುವಾಯಿತು. ಇಷ್ಟು ದಿನ ಉಪವಾಸವಿದ್ದ ಹೊಟ್ಟೆಗೆ ಈಗ ಹಸಿವೇ ಸತ್ತಿದ್ದರೆ? ಮಾವನ ಮಾತು ಬರೀ ಅವರ ಊಹೆಯಾಗಿದ್ದರೆ? ಐದೂವರೆಗೆ ಕುಡಿದ ಹಾಲನ್ನು ನೆನೆಸಿಕೊಂಡೆ. ಆಗ ಮಗ್ಗ ಹಾಕಿರಲಿಲ್ಲ. ಎಂಟಕ್ಕೆ ಹಾಕಿದ್ದರು. ಪ್ರತಿ ಸಲವೂ ಅದು ಮಗ್ಗದ ಬಾಗಿಲಿನ ಕಡೆ ತಿರುಗಿ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಮಾವನ ದಾರಿ ಕಾಯುತ್ತಿದೆ ಎಂದುಕೊಂಡಿದ್ದೆ. ರಾಜಾನುಕುಂಟೆಯಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ, ಇಳಿದು ನಡೆದುಬಿಡಲೇ ಅನ್ನಿಸುವಷ್ಟು ತಡೆಯಲಾರದೆ ಕೂತಿದ್ದೆ.

ಮನೆ ಮುಟ್ಟಿದಾಗ ಮೂರು ಗಂಟೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಹಿತ್ತಲಲ್ಲಿ ಲಾಳಿ ಟವಲಿನ ಮೇಲೆ ಮಲಗಿತ್ತು. ಬಾಲವನ್ನು ಒಂದು ಸಲ ನೆಲಕ್ಕೆ ಬಡಿಯಿತು, ಏಳಲಿಲ್ಲ. ಅದರ ಊಟಕ್ಕೆ ನಾನು ಏನೂ ಮಾಡಿರಲಿಲ್ಲ. ಅಡುಗೆಮನೆಗೆ ಹೋದೆ. ಅತ್ತೆ ಆಗಷ್ಟೇ ಊಟಕ್ಕೆ ಕೂರಲು ತಟ್ಟೆಗೆ ಮುದ್ದೆ ಹಾಕಿಕೊಂಡಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಆ ಸದ್ದಿನಲ್ಲಿ ವಿವರಿಸಲು ತಾಳ್ಮೆಯಿಲ್ಲದೆ ತಟ್ಟೆಯತ್ತ ಕೈ ತೋರಿಸಿ, ಲಾಳಿಗೆ ಎಂದೆ. ಅವರು ಮುದ್ದೆಯನ್ನು ನನ್ನ ಕೈಗೆ ಕೊಟ್ಟು, ಮಜ್ಜಿಗೆಯ ಚೊಂಬನ್ನು ತಾವೇ ಹಿಡಿದುಕೊಂಡು ಹಿಂದೆ ಬಂದರು. ಮುದ್ದೆ ಮುರಿದು ಬಾನಿಗೆ ಹಾಕಿ, ಮಜ್ಜಿಗೆ ಹುಯ್ದು ಕಿವುಚಿದೆ. ಲಾಳಿ ಎದ್ದು ಬಂತು, ಮೂಸಿತು, ಮಗ್ಗದ ಬಾಗಿಲು ನೋಡಿತು.

ಮಗ್ಗದ ಮನೆಗೆ ಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದೆ.

ಆ ಮನೆಗೆ ಬಂದ ಮೂರು ವರ್ಷದಲ್ಲಿ ನಾನು ಅದನ್ನು ಮುಟ್ಟಿದವಳಲ್ಲ. ಕರೆಂಟು ಇದ್ದಾಗ ಅದನ್ನು ಎಳೆದವರು ಯಾರೂ ಇರಲಿಲ್ಲ. ನಾಲ್ಕೂ ಮಗ್ಗ ತಡವರಿಸಿ ನಿಂತವು. ಪಿಳ್ಳಣ್ಣ ಅಭ್ಯಾಸದಂತೆ, ಹೋಯ್ತಲ್ಲಪ್ಪಾ ಎಂದು ಸೊಂಟ ಹಿಡಿದುಕೊಂಡು ಎದ್ದ. ಆಮೇಲೆ ಪಕ್ಕದ ಮನೆಯ ಮಗ್ಗಗಳ ಸದ್ದು ಕೇಳಿ, ನನ್ನ ಕೈ ಇದ್ದ ಕಡೆ ನೋಡಿದ. ರಾಜೇಂದ್ರ ಎದ್ದುನಿಂತರು.

"ಏನೇ ಇದು? ನಾಳಿದ್ದು ಸೀರೆ ಕೊಡ್ಬೇಕು."

"ಹತ್ತು ನಿಮಿಷ ಸುಮ್ನಿರಿ," ಎಂದೆ.

ಅವರು ಮತ್ತೆ ಕೂತರು. ಪಕ್ಕದ ಮನೆಯ ಸದ್ದು ಈಗ ದೊಡ್ಡದಾಗಿ ಕೇಳುತ್ತಿತ್ತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕರೆಂಟು ಹೋದರೆ ಇಡೀ ಬೀದಿ ಸುಮ್ಮನಾಗುತ್ತದೆ, ನಾನು ನಿಲ್ಲಿಸಿದ್ದು ನಮ್ಮ ಮನೆಯದನ್ನು ಮಾತ್ರ. ಬೀದಿಯ ಮೇನ್ ಸ್ವಿಚ್ಚುಗಳನ್ನೆಲ್ಲ ಎಳೆಯುತ್ತ ಹೋಗಲಾಗುವುದಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತೆ. ಅತ್ತೆ ಚೊಂಬು ಹಿಡಿದುಕೊಂಡೇ ನಿಂತಿದ್ದರು.

ಲಾಳಿ ಕಿವಿ ನಿಮಿರಿಸಿತು. ಪಕ್ಕದ ಮನೆಯ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಒಂದು ಕಾಲು ಊರಿ, ಎತ್ತಿ, ಮತ್ತೆ ಊರಿತು. ನಾನೂ ಬರಿಗಾಲಲ್ಲಿ ನಿಂತಿದ್ದೆ. ನಮ್ಮ ಮಗ್ಗಗಳು ಓಡುವಾಗ ಹಿತ್ತಲವರೆಗೂ ನೆಲ ಸಣ್ಣಗೆ ನಡುಗುತ್ತದೆ ಎಂಬುದು ಆ ನಡುಕ ನಿಂತಾಗಲೇ ನನ್ನ ಗಮನಕ್ಕೆ ಬಂದದ್ದು. ಲಾಳಿ ಮಗ್ಗದ ಬಾಗಿಲನ್ನು ಇನ್ನೊಮ್ಮೆ ನೋಡಿತು. ಆಮೇಲೆ ಬಾನಿಗೆ ತಲೆ ಹಾಕಿತು.

ತಿಂದಿತು. ಚಪ್ಪರಿಸುವ ಸದ್ದು ನಮ್ಮೆಲ್ಲರಿಗೂ ಕೇಳಿಸಿತು. ಮುದ್ದೆ ಮುಗಿಸಿ, ಬಾನಿಯ ಅಂಚು ನೆಕ್ಕಿ, ತಲೆಯೆತ್ತಿ ನನ್ನನ್ನು ನೋಡಿತು. ಪೊಟ್ಟಣದ ಆಹಾರ ಒಂದು ಹಿಡಿ ತಂದು ಹಾಕಿದೆ. ಅದನ್ನೂ ಕಟಕಟ ಎಂದು ಅಗಿದು ತಿಂದಿತು. ಒಮ್ಮೆಗೇ ಹೆಚ್ಚಾದರೆ ವಾಂತಿಯಾದೀತೆಂದು ಬಾನಿಯನ್ನು ನಾನೇ ಎತ್ತಬೇಕಾಯಿತು. ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಕಿವಿ ಹರಿದದ್ದು ತಮಗೆ ನೆನಪಿದೆ, ಉಣ್ಣದಿರುವುದಕ್ಕೂ ಅದಕ್ಕೂ ಗಂಟು ಹಾಕಲು ಹೊಳೆಯಲಿಲ್ಲ ಎಂದರು. ರಾತ್ರಿ ಮಗ್ಗ ನಿಲ್ಲಿಸಿದ ಮೇಲೆ ಅದು ದಿನಾ ಬಂದು ಬರೀ ಬಾನಿ ಮೂಸುತ್ತಿತ್ತು, ಇರುವೆ ಹುಡುಕುತ್ತಿದೆ ಎಂದುಕೊಂಡೆ ಎಂದ ಪಿಳ್ಳಣ್ಣ. ಆ ಹೊತ್ತಿಗೆ ಬಾನಿ ಖಾಲಿಯಾಗಿರುವಂತೆ ಅಚ್ಚುಕಟ್ಟಾಗಿ ತೊಳೆದಿಟ್ಟಿರುತ್ತಿದ್ದವಳು ನಾನೇ. ನಾಚಿಕೆಯಾಗಬೇಕಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಹಸಿವಾಗುತ್ತಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಉಳಿದ ಹಿಟ್ಟಿನಲ್ಲಿ ಅತ್ತೆ ಮತ್ತೆ ಮುದ್ದೆ ತೊಳಸಿದರು. ಮಗ್ಗ ನಿಂತಿತ್ತಲ್ಲ, ಎಲ್ಲರೂ ಒಟ್ಟಿಗೆ ಕೂತು ಉಂಡೆವು.

ಮರುದಿನದಿಂದ ಹನ್ನೊಂದಕ್ಕೂ ಆರಕ್ಕೂ ನಾನೇ ಹೋಗಿ ಹಿಡಿ ಎಳೆಯುತ್ತಿದ್ದೆ. ರಾಜೇಂದ್ರ ಎರಡು ದಿನ ಗೊಣಗಿದರು. ನಾಲ್ಕನೆಯ ದಿನ ನಾನು ಬಟ್ಟೆ ಒಗೆಯುತ್ತ ಸ್ವಲ್ಪ ತಡಮಾಡಿದಾಗ ಪಿಳ್ಳಣ್ಣನೇ ಹಿತ್ತಲಿಗೆ ಬಂದು ನಿಂತ.

"ಇವತ್ತು ನಿಮ್ ನಾಯಿಗೆ ಹಸಿವಾಗ್ಲಿಲ್ವಾ ಬಿಂದಮ್ಮ? ನಮ್ಗೆ ಆಯ್ತು."

ಲಾಳಿ ತಿನ್ನುತ್ತದೆ ಎಂದಾದ ಮೇಲೆಯೇ ನಾನು ಆರಿಸುವ ಕೆಲಸವನ್ನು ಸರಿಯಾಗಿ ಮಾಡಿದ್ದು. ಪೊಟ್ಟಣದ್ದು ಖುಷಿಯಿಂದ ತಿನ್ನುತ್ತಿತ್ತು, ಆದರೆ ಬರೀ ಅದನ್ನೇ ಕೊಟ್ಟಾಗ ಹೊಟ್ಟೆ ಕಟ್ಟಿತು. ಬರೀ ಹಾಲು ಅನ್ನಕ್ಕೆ ಭೇದಿಯಾಯಿತು. ಮುದ್ದೆ, ಮಜ್ಜಿಗೆ, ದಿನಕ್ಕೊಂದು ಹಿತ್ತಲಲ್ಲಿ ಬೇಯಿಸಿದ ಮೊಟ್ಟೆ, ಮೇಲೆ ಒಂದು ಹಿಡಿ ಪೊಟ್ಟಣದ ಆಹಾರ, ಇದು ಒಗ್ಗಿತು. ಮಾವ ಬರುವವರೆಗೂ ಅದನ್ನೇ ಹಾಕಿದೆ, ಬೇರೇನನ್ನೂ ಓದಲಿಲ್ಲ.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದ ದಿನ ಒಳಗೂ ಬರದೆ ಹಿತ್ತಲಿಗೇ ನಡೆದರು. ಬಗ್ಗಬಾರದೆಂದು ಒಗೆಯುವ ಕಲ್ಲಿನ ಮೇಲೆ ಕೂತು ಕೈ ಚಾಚಿದರು. ಲಾಳಿ ಓಡಿಬಂದು ಅವರ ಮಂಡಿಗೆ ಮೈ ಉಜ್ಜಿತು. ಮಾವ ಕನ್ನಡಕ ತೆಗೆಯಲಿಲ್ಲ. ಅದರ ಪಕ್ಕೆಯ ಮೇಲೆ ನಿಧಾನವಾಗಿ ಬೆರಳಾಡಿಸಿದರು, ಹಿಂದಕ್ಕೆ, ಮತ್ತೆ ಮುಂದಕ್ಕೆ.

"ಎಲುಬು ಸಿಗ್ತಾನೇ ಇಲ್ವಲ್ಲಮ್ಮ," ಎಂದರು. "ಏನ್ ಹಾಕ್ದೆ?"

ಆಮೇಲೆ ಹೇಳುತ್ತೇನೆ ಮಾವ, ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ ಎಂದು ಹೇಳಿ ಮಗ್ಗದ ಮನೆಗೆ ಹೋದೆ. ಗಡಿಯಾರದಲ್ಲಿ ಹನ್ನೊಂದಾಗಿತ್ತು.